ಚಿತ್ರದುರ್ಗದ ಗುಡ್ಡಗಳಲ್ಲಿ ಗಾಳಿಯಂತ್ರದ ರೆಕ್ಕೆ: ಹವಾಮಾನದ ಸವಕಳಿಯ ಅಧ್ಯಯನ ಬೆಳೆದುಬಂದ ಬಗೆ

ಚಿತ್ರದುರ್ಗದಿಂದ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಕಡೆಗೆ ಹಬ್ಬಿರುವ ಗುಡ್ಡಸಾಲುಗಳು, ಭೂವಿಜ್ಞಾನಿಗಳು ಚಿತ್ರದುರ್ಗ ಶಿಸ್ಟ್ ಪಟ್ಟಿ ಎಂದು ಹೆಸರಿಸಿರುವ ಅತಿ ಪ್ರಾಚೀನ ಶಿಲಾಸಮೂಹಕ್ಕೆ ಸೇರಿದವು. ಗದಗದ ಕಡೆಯಿಂದ ಶ್ರೀರಂಗಪಟ್ಟಣದವರೆಗೆ ಚಾಚಿರುವ ಈ ಪಟ್ಟಿಯ ಗುಡ್ಡಗಳು ಹೆಚ್ಚುಕಡಿಮೆ ಉತ್ತರದಿಂದ ದಕ್ಷಿಣಕ್ಕೆ ಸಾಲುಗಟ್ಟಿರುವುದರಿಂದ, ಪಶ್ಚಿಮಘಟ್ಟಗಳನ್ನು ದಾಟಿ ಬಯಲಿಗಿಳಿದು ಪೂರ್ವಕ್ಕೆ ಸಾಗುವ ಮುಂಗಾರಿನ ಗಾಳಿ ಅವುಗಳಿಗೆ ಅಡ್ಡಲಾಗಿ ಬಂದು ಬಡಿಯುತ್ತದೆ. ಇಳಿಜಾರನ್ನೇರುವ ಗಾಳಿ ಗುಡ್ಡದ ನೆತ್ತಿಯ ಬಳಿ ಒತ್ತಿಕೊಂಡು ಹಾಯುವುದರಿಂದ ಅಲ್ಲಿ ಅದರ ವೇಗ ಹೆಚ್ಚುತ್ತದೆ. ಗಾಳಿಯಲ್ಲಿರುವ ಶಕ್ತಿಯು ಅದರ ವೇಗದ ಘನಕ್ಕೆ ಅನುಗುಣವಾಗಿರುವ ಕಾರಣ, ವೇಗ ಕಾಲು ಭಾಗದಷ್ಟು ಹೆಚ್ಚಿದರೂ ಶಕ್ತಿ ಸುಮಾರು ಎರಡು ಪಟ್ಟಾಗುತ್ತದೆ. ಜೋಗಿಮಟ್ಟಿಯ ಬೆಟ್ಟಗಳಲ್ಲಿ, ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯ ಸುತ್ತಣ ಗುಡ್ಡಗಳಲ್ಲಿ, ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದ ಆಸುಪಾಸಿನ ಸೀಮೆಯಲ್ಲಿ ಗಾಳಿಯಂತ್ರಗಳು ನೆಲೆಗೊಂಡದ್ದು ಈ ಭೂರಚನೆಯ ಬಲದಿಂದಲೇ.

ಆದರೆ ಯಂತ್ರವನ್ನು ತಿರುಗಿಸುವ ಹವಾಮಾನವೇ ಯಂತ್ರದ ರೆಕ್ಕೆಯನ್ನು ವರ್ಷದಿಂದ ವರ್ಷಕ್ಕೆ ಸವೆಸುತ್ತದೆ. ಗಾಳಿ, ಮಳೆ, ಧೂಳು, ಬಿಸಿಲು, ಸಿಡಿಲುಗಳು ಸೇರಿ ರೆಕ್ಕೆಗೆ ಮಾಡುವ ಹಾನಿಯ ಅಧ್ಯಯನ ಕಳೆದ ಎಂಟು ದಶಕಗಳಲ್ಲಿ ಮೂರು ಪ್ರಶ್ನೆಗಳ ಸುತ್ತ ಬೆಳೆದಿದೆ: ಮೊದಲನೆಯದು ರೆಕ್ಕೆ ಮುರಿಯದೆ ನಿಲ್ಲುವುದೇ ಎಂಬ ಬಲದ ಪ್ರಶ್ನೆ, ಎರಡನೆಯದು ಅದರ ಮೈ ನುಣುಪಾಗಿ ಉಳಿಯುವುದೇ ಎಂಬ ಮೇಲ್ಮೈಯ ಪ್ರಶ್ನೆ, ಮೂರನೆಯದು ಯಾವ ಹಾನಿ ಯಾವ ಋತುವಿನಲ್ಲಿ, ಯಾವುದರ ಬೆನ್ನಿಗೆ ಬರುತ್ತದೆ ಎಂಬ ಕಾಲದ ಪ್ರಶ್ನೆ. ಮೊದಲೆರಡಕ್ಕೆ ಜಗತ್ತಿನ ಪ್ರಯೋಗಶಾಲೆಗಳು ಬಹುಮಟ್ಟಿಗೆ ಉತ್ತರ ಕಂಡುಕೊಂಡಿವೆ. ಮೂರನೆಯದಕ್ಕೆ ಮಾತ್ರ ಆಯಾ ನೆಲದಲ್ಲೇ ಉತ್ತರ ಹುಡುಕಬೇಕಾಗಿದ್ದು, ಚಿತ್ರದುರ್ಗದಂತಹ ಒಣಸೀಮೆಯ ಅಧ್ಯಯನಕ್ಕೆ ಮಹತ್ವ ಬರುವುದು ಇಲ್ಲಿಯೇ.

ಬಲದ ಪ್ರಶ್ನೆ

ಅಮೆರಿಕದ ವರ್ಮಾಂಟ್ ರಾಜ್ಯದ ಗ್ರ್ಯಾಂಡ್‌ಪಾಸ್ ನಾಬ್ ಎಂಬ ಬೆಟ್ಟದ ಮೇಲೆ 1941ರಲ್ಲಿ ಕೆಲಸ ಆರಂಭಿಸಿದ ಸ್ಮಿತ್-ಪಟ್ನಮ್ ಯಂತ್ರ 1.25 ಮೆಗಾವಾಟ್ ಸಾಮರ್ಥ್ಯದ್ದಾಗಿದ್ದು, ಅದರ ಎರಡು ರೆಕ್ಕೆಗಳನ್ನು ತುಕ್ಕು ಹಿಡಿಯದ ಉಕ್ಕಿನಿಂದ ಮಾಡಲಾಗಿತ್ತು. 1943ರಲ್ಲಿ ಮುಖ್ಯ ಬೇರಿಂಗ್ ಕೆಟ್ಟು, ಯುದ್ಧಕಾಲದ ಅಭಾವದಿಂದ ಹೊಸದು ಸಿಗದೆ, ಯಂತ್ರ ಎರಡು ವರ್ಷ ನಿಂತೇ ಇತ್ತು. ಮತ್ತೆ ಓಡಲು ತೊಡಗಿದ ಕೆಲವೇ ದಿನಗಳಲ್ಲಿ, 1945ರ ಮಾರ್ಚ್ 26ರಂದು, ಒಂದು ರೆಕ್ಕೆ ಬುಡದ ಬಳಿ ಮುರಿದು ಹಾರಿಹೋಯಿತು. ತಿರುಗದೆ ನಿಂತ ರೆಕ್ಕೆಯನ್ನೂ ಗಾಳಿ ಬಿಡದೆ ಅಲುಗಿಸುತ್ತಿರುತ್ತದೆ ಮತ್ತು ಆ ಅಲುಗಾಟ ಒಳಗಿನ ಬಿರುಕನ್ನು ಬೆಳೆಸುತ್ತದೆ ಎಂಬುದು ಈ ಘಟನೆಯಿಂದ ದೊರೆತ ಪಾಠ. ಒಂದೇ ಸಲ ಬಿದ್ದರೆ ವಸ್ತು ಸುಲಭವಾಗಿ ತಾಳಿಕೊಳ್ಳಬಲ್ಲ ಭಾರ ಮತ್ತೆ ಮತ್ತೆ ಬಿದ್ದಾಗ ಅದನ್ನು ಮುರಿಯುವ ಈ ವಿದ್ಯಮಾನವನ್ನು ಎಂಜಿನಿಯರಿಂಗ್‌ನಲ್ಲಿ ದಣಿವು ಎನ್ನುತ್ತಾರೆ.

ಈ ದಣಿವಿಗೆ ಉತ್ತರವಾಗಿ ಬಂದದ್ದು ಗಾಜಿನ ನಾರು. ಜರ್ಮನಿಯಲ್ಲಿ ಉಲ್ರಿಚ್ ಹ್ಯೂಟರ್ 1957ರಲ್ಲಿ ನಿಲ್ಲಿಸಿದ 34 ಮೀಟರ್ ವ್ಯಾಸದ ಯಂತ್ರದ ರೆಕ್ಕೆಗಳು ಗಾಜಿನ ನಾರನ್ನು ರಾಳದಲ್ಲಿ ಅದ್ದಿ ಗಟ್ಟಿಗೊಳಿಸಿದ ಮಿಶ್ರವಸ್ತುವಿನಿಂದ ಆಗಿದ್ದವು. ಅದೇ ವರ್ಷ ಡೆನ್ಮಾರ್ಕಿನ ಗೆಡ್ಸರ್‌ನಲ್ಲಿ ಯೋಹಾನೆಸ್ ಯೂಲ್ ಕಟ್ಟಿದ 200 ಕಿಲೋವಾಟ್ ಯಂತ್ರ 1967ರವರೆಗೆ ದುಡಿಯಿತು. 1978ರಲ್ಲಿ ಡೆನ್ಮಾರ್ಕಿನ ಟ್ವಿಂಡ್ ಶಾಲೆಯ ಶಿಕ್ಷಕರು ಮತ್ತು ಸ್ವಯಂಸೇವಕರು ಕಟ್ಟಿದ 54 ಮೀಟರ್ ವ್ಯಾಸದ ಯಂತ್ರ, ಗಾಜಿನ ನಾರಿನ ರೆಕ್ಕೆಯನ್ನು ದೊಡ್ಡ ಗಾತ್ರದಲ್ಲೂ ಮಾಡಬಹುದೆಂದು ತೋರಿಸಿತು. ಅಲ್ಲಿಂದ ಈಚೆಗೆ ರೆಕ್ಕೆ ಎಂದರೆ ಒಳಗೆ ಭಾರ ಹೊರುವ ತೊಲೆ, ಹೊರಗೆ ಎರಡು ಚಿಪ್ಪುಗಳಂತೆ ಅಂಟಿಸಿದ ಮಿಶ್ರವಸ್ತುವಿನ ಕವಚ, ಅದರ ಮೇಲೆ ಜೆಲ್‌ಕೋಟ್ ಎಂಬ ತೆಳು ರಾಳದ ಲೇಪ ಅಥವಾ ಪಾಲಿಯುರಿಥೇನ್ ಬಣ್ಣ ಎಂಬ ರಚನೆ ನೆಲೆಗೊಂಡಿತು.

ಒಂದು ರೆಕ್ಕೆ ಎಷ್ಟು ಸಲ ದಣಿಯುತ್ತದೆ ಎಂಬುದನ್ನು ಸರಳ ಲೆಕ್ಕದಿಂದಲೇ ಅರಿಯಬಹುದು. ರೆಕ್ಕೆ ಮೇಲಿನಿಂದ ಕೆಳಗಿಳಿದು ಮತ್ತೆ ಮೇಲೇರುವ ಪ್ರತಿ ಸುತ್ತಿನಲ್ಲೂ ಅದರ ಸ್ವಂತ ಭಾರ ಒಮ್ಮೆ ಒಂದು ಅಂಚನ್ನು ಎಳೆದರೆ ಇನ್ನೊಮ್ಮೆ ಎದುರಿನ ಅಂಚನ್ನು ಎಳೆಯುತ್ತದೆ. ನಿಮಿಷಕ್ಕೆ 15 ಸುತ್ತಿನಂತೆ ವರ್ಷದ ಮುಕ್ಕಾಲು ಭಾಗ ತಿರುಗಿದರೂ 20 ವರ್ಷಗಳಲ್ಲಿ ಇಂತಹ ಎಳೆತಗಳ ಸಂಖ್ಯೆ 11 ಕೋಟಿ ಮೀರುತ್ತದೆ. ಗಾಳಿಯ ಏರಿಳಿತದಿಂದಾಗುವ ಬಾಗುವಿಕೆ ಇದಕ್ಕೆ ಹೊರತು. ವಿನ್ಯಾಸದ ಆಯುಷ್ಯವನ್ನು ಕನಿಷ್ಠ 20 ವರ್ಷವೆಂದು ನಿಗದಿಪಡಿಸುವ ಅಂತರರಾಷ್ಟ್ರೀಯ ಮಾನದಂಡ ಐಇಸಿ 61400-1 ಯಂತ್ರಗಳನ್ನು ವರ್ಗೀಕರಿಸುವುದು ಸ್ಥಳದ ಗಾಳಿಯ ವೇಗ ಮತ್ತು ಗಾಳಿಯ ಕ್ಷೋಭೆಯನ್ನು, ಅಂದರೆ ವೇಗ ಮತ್ತು ದಿಕ್ಕಿನ ಕ್ಷಣಕ್ಷಣದ ಏರುಪೇರನ್ನು, ಆಧರಿಸಿ. ಗುಡ್ಡದ ನೆತ್ತಿಯ ಯಂತ್ರಕ್ಕೆ ಈ ಕ್ಷೋಭೆಯೇ ದೊಡ್ಡ ಶತ್ರು, ಏಕೆಂದರೆ ಕಡಿದಾದ ಏರು, ಬಂಡೆ, ಮರಗಳನ್ನು ದಾಟಿ ಬರುವ ಗಾಳಿ ರೆಕ್ಕೆಯ ಮೇಲ್ತುದಿಗೂ ಕೆಳತುದಿಗೂ ಒಂದೇ ರೀತಿಯಲ್ಲಿ ಬಡಿಯುವುದಿಲ್ಲ. ಬುಡದ ಬಳಿಯ ಬಿರುಕು, ಹಿನ್ನಂಚಿನ ಅಂಟು ಬಿಡುವುದು, ಕವಚದ ಪದರಗಳು ಒಂದರಿಂದೊಂದು ಕಳಚಿಕೊಳ್ಳುವುದು ಈ ದಣಿವಿನ ಸಾಮಾನ್ಯ ಗುರುತುಗಳು.

ಭಾರತದಲ್ಲಿ ಗಾಳಿಯ ಅಳತೆಗೆ ಅಡಿಪಾಯ ಹಾಕಿದವರು ಹವಾಮಾನ ವಿಜ್ಞಾನಿ ಅಣ್ಣಾ ಮಣಿ. ನಿವೃತ್ತಿಯ ಬಳಿಕ ಬೆಂಗಳೂರಿನಲ್ಲಿ ನೆಲೆಸಿ, ಗಾಳಿಯ ವೇಗ ಮತ್ತು ಸೌರಶಕ್ತಿಯನ್ನು ಅಳೆಯುವ ಉಪಕರಣಗಳ ಕಾರ್ಯಾಗಾರವೊಂದನ್ನು ಸ್ಥಾಪಿಸಿ, ದೇಶದ ಗಾಳಿಸಂಪತ್ತಿನ ಸಮೀಕ್ಷೆಯನ್ನು ಅವರು ಮುನ್ನಡೆಸಿದರು. 1996ರಲ್ಲಿ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ, 1998ರಲ್ಲಿ ಚೆನ್ನೈನಲ್ಲಿ ಇಂದಿನ ರಾಷ್ಟ್ರೀಯ ಪವನಶಕ್ತಿ ಸಂಸ್ಥೆಯ ಮೂಲರೂಪ ಹುಟ್ಟಿಕೊಂಡವು. ಗದಗ ಸೀಮೆಯ ಕಪ್ಪತಗುಡ್ಡದಲ್ಲಿ ಕರ್ನಾಟಕ ವಿದ್ಯುತ್ ನಿಗಮ 225 ಮತ್ತು 230 ಕಿಲೋವಾಟ್‌ಗಳ ಯಂತ್ರಗಳನ್ನು ನಿಲ್ಲಿಸಿತು. ರಾಜ್ಯದ ಪವನವಿದ್ಯುತ್ ಸಾಮರ್ಥ್ಯ ಈಗ 5,000 ಮೆಗಾವಾಟ್ ದಾಟಿದ್ದು, ಅದರಲ್ಲಿ ಚಿತ್ರದುರ್ಗ ಜಿಲ್ಲೆಯ ಪಾಲು ದೊಡ್ಡದು. ಈ ಎಲ್ಲ ಬೆಳವಣಿಗೆಯಲ್ಲಿ ಅಳತೆಯ ಗಮನವೆಲ್ಲ ಗಾಳಿ ಎಷ್ಟು ಶಕ್ತಿ ಕೊಡುತ್ತದೆ ಎಂಬುದರ ಮೇಲಿತ್ತು. ಅದೇ ಹವಾಮಾನ ರೆಕ್ಕೆಯಿಂದ ಏನನ್ನು ಕಸಿಯುತ್ತದೆ ಎಂಬ ಲೆಕ್ಕ ಬಹಳ ತಡವಾಗಿ ಆರಂಭವಾಯಿತು.

ಮೇಲ್ಮೈಯ ಪ್ರಶ್ನೆ: ಮಳೆಹನಿಯ ಪೆಟ್ಟು

ಮಳೆಹನಿ ಗಟ್ಟಿ ವಸ್ತುವನ್ನು ಕೊರೆಯಬಲ್ಲದು ಎಂಬುದು ಮೊದಲು ಗಮನಕ್ಕೆ ಬಂದದ್ದು ವಿಮಾನಗಳಲ್ಲಿ. 1940ರ ದಶಕದಲ್ಲಿ ವಿಮಾನದ ವೇಗ ಹೆಚ್ಚಿದಂತೆ, ಮೂತಿಯಲ್ಲಿರುವ ರೇಡಾರ್‌ನ ಪ್ಲಾಸ್ಟಿಕ್ ಹೊದಿಕೆಗಳು ಮಳೆಯಲ್ಲಿ ಹಾರಿದ ಬಳಿಕ ಕಿತ್ತುಬರುತ್ತಿದ್ದವು. 1960ರ ದಶಕದಲ್ಲಿ ಕೇಂಬ್ರಿಜ್‌ನ ಬೌಡನ್ ಮತ್ತು ಫೀಲ್ಡ್ ಅವರ ಪ್ರಯೋಗಗಳು ಇದರ ಭೌತಶಾಸ್ತ್ರವನ್ನು ಬಿಡಿಸಿಟ್ಟವು. ವೇಗವಾಗಿ ಬರುವ ಮೇಲ್ಮೈಗೆ ಹನಿ ತಾಗಿದ ಮೊದಲ ಕ್ಷಣದಲ್ಲಿ ನೀರಿಗೆ ಪಕ್ಕಕ್ಕೆ ಹರಿಯಲು ಸಮಯವೇ ಇರುವುದಿಲ್ಲವಾದ್ದರಿಂದ, ನೀರಿನ ಸಾಂದ್ರತೆ, ನೀರಿನಲ್ಲಿ ಶಬ್ದದ ವೇಗ ಮತ್ತು ಢಿಕ್ಕಿಯ ವೇಗ ಈ ಮೂರರ ಗುಣಲಬ್ಧಕ್ಕೆ ಸಮೀಪವಾದ ಒತ್ತಡ ಅಲ್ಲಿ ಹುಟ್ಟುತ್ತದೆ. ಢಿಕ್ಕಿಯ ವೇಗ ಸೆಕೆಂಡಿಗೆ 80 ಮೀಟರ್ ಇದ್ದರೆ ಈ ಲೆಕ್ಕದ ಒತ್ತಡ ವಾತಾವರಣದ ಒತ್ತಡದ ಸಾವಿರ ಪಟ್ಟನ್ನೂ ಮೀರುತ್ತದೆ. ಆ ಬಳಿಕ ಪಕ್ಕಕ್ಕೆ ಚಿಮ್ಮುವ ನೀರು ಮೇಲ್ಮೈಯಲ್ಲಿ ಇರುವ ಸಣ್ಣ ಕುಳಿಗಳ ಅಂಚನ್ನು ಕೀಳುತ್ತದೆ.

ಗಾಳಿಯಂತ್ರಗಳ ಲೋಕದಲ್ಲಿ ಈ ಜ್ಞಾನ ಹಲವು ದಶಕ ಬಳಕೆಗೆ ಬಾರದೆ ಉಳಿದದ್ದಕ್ಕೆ ಕಾರಣವಿದೆ. ಗೆಡ್ಸರ್ ಯಂತ್ರದ 24 ಮೀಟರ್ ವ್ಯಾಸದ ಚಕ್ರ ನಿಮಿಷಕ್ಕೆ 30 ಸುತ್ತು ತಿರುಗುತ್ತಿದ್ದಾಗ ರೆಕ್ಕೆಯ ತುದಿಯ ವೇಗ ಸೆಕೆಂಡಿಗೆ ಸುಮಾರು 38 ಮೀಟರ್ ಮಾತ್ರ ಆಗಿತ್ತು. 1990ರ ದಶಕದ 27 ಮೀಟರ್ ವ್ಯಾಸದ ಯಂತ್ರಗಳಲ್ಲಿ ಅದು 60 ಮೀಟರಿಗೆ ಏರಿತು; ಇಂದಿನ ದೊಡ್ಡ ಯಂತ್ರಗಳಲ್ಲಿ 80ರಿಂದ 90 ಮೀಟರ್, ಅಂದರೆ ಗಂಟೆಗೆ ಸುಮಾರು 300 ಕಿಲೋಮೀಟರ್. ಸವಕಳಿ ವೇಗದೊಂದಿಗೆ ನೇರ ಪ್ರಮಾಣದಲ್ಲಿ ಬೆಳೆಯದೆ ವೇಗದ ಹಲವು ಘಾತಗಳ ಪ್ರಮಾಣದಲ್ಲಿ ಬೆಳೆಯುವುದರಿಂದ, ತುದಿಯ ವೇಗ ಇಮ್ಮಡಿಯಾದಾಗ ಹಾನಿ ಹತ್ತಾರು ಪಟ್ಟು ಹೆಚ್ಚುತ್ತದೆ. ಮಳೆಯ ಸವಕಳಿ ರೆಕ್ಕೆಯ ಮುಖ್ಯ ಕಾಯಿಲೆಯಾದದ್ದು ಮಳೆ ಬದಲಾದುದರಿಂದಲ್ಲ, ರೆಕ್ಕೆ ಬೆಳೆದುದರಿಂದ.

ಹಾನಿ ಮೊದಲು ಕಾಣಿಸುವುದು ಗಾಳಿಯನ್ನು ಸೀಳುವ ಮುನ್ನಂಚಿನಲ್ಲಿ, ಅದರಲ್ಲೂ ತುದಿಯ ಕಡೆಯ ಮೂರನೇ ಒಂದು ಭಾಗದಲ್ಲಿ. ಅದು ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ ಲಕ್ಷಾಂತರ ಹನಿಗಳ ಪೆಟ್ಟಿನಿಂದ ಲೇಪದೊಳಗೆ ದಣಿವು ಕೂಡುತ್ತಿದ್ದರೂ ಹೊರಗೆ ಏನೂ ಕಾಣುವುದಿಲ್ಲ. ಆ ಗುಪ್ತಾವಧಿ ಮುಗಿದೊಡನೆ ಸೂಜಿಮೊನೆಯಂತಹ ಗುಳಿಗಳು ಮೂಡಿ, ಅವು ಕೂಡಿಕೊಂಡು ಕುಳಿಗಳಾಗಿ, ಲೇಪ ಹರಿದು ಗಾಜಿನ ನಾರು ಹೊರಬೀಳುತ್ತದೆ. ನುಣುಪು ಕಳೆದುಕೊಂಡ ಅಂಚಿನ ಮೇಲೆ ಗಾಳಿಯ ಹರಿವು ಬೇಗನೆ ಕದಡಿ, ರೆಕ್ಕೆಯನ್ನು ಎತ್ತುವ ಬಲ ಕುಗ್ಗಿ, ಹಿಂದೆಳೆಯುವ ಬಲ ಹೆಚ್ಚುತ್ತದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸರೀನ್, ಸಾಪ್ರೆ ಮತ್ತು ಸೆಲಿಗ್ 2014ರಲ್ಲಿ ಪ್ರಕಟಿಸಿದ ಗಾಳಿಸುರಂಗದ ಅಧ್ಯಯನ, ಹಗುರವಾದ ಸವಕಳಿಯಿಂದ ವಾರ್ಷಿಕ ಉತ್ಪಾದನೆಯಲ್ಲಿ ಶೇ. 5ರಷ್ಟು, ತೀವ್ರ ಸವಕಳಿಯಿಂದ ಶೇ. 25ರವರೆಗೂ ನಷ್ಟವಾಗಬಹುದೆಂದು ಅಂದಾಜಿಸಿತು. ನಂತರ ಯಂತ್ರಗಳ ಬಳಿಯಲ್ಲೇ ನಡೆದ ಅಳತೆಗಳು ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ ನಷ್ಟವನ್ನು ತೋರಿಸಿದರೂ, ನೂರಾರು ಯಂತ್ರಗಳ ಗುಡ್ಡಸಾಲಿನಲ್ಲಿ ಶೇ. 2ರ ನಷ್ಟವೂ ದೊಡ್ಡ ಮೊತ್ತವೇ.

ಪರಿಹಾರದ ದಾರಿಯಲ್ಲಿ ಗಮನಾರ್ಹ ತಿರುವು 2018ರಲ್ಲಿ ಬಂತು. ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ಬೆಕ್, ಹಾಸಗರ್ ಮತ್ತು ಬಾಕ್, ಒಟ್ಟು ಸವಕಳಿಯ ಬಹುಪಾಲು ವರ್ಷದ ಕೆಲವೇ ಗಂಟೆಗಳ ಬಿರುಮಳೆಯಲ್ಲಿ ಆಗುತ್ತದೆ ಎಂದು ತೋರಿಸಿ, ಆ ಗಂಟೆಗಳಲ್ಲಿ ಮಾತ್ರ ಚಕ್ರದ ವೇಗ ತಗ್ಗಿಸಿದರೆ ಅತ್ಯಲ್ಪ ವಿದ್ಯುತ್ತನ್ನು ಬಿಟ್ಟುಕೊಟ್ಟು ಮುನ್ನಂಚಿನ ಆಯುಷ್ಯವನ್ನು ಹಲವು ಪಟ್ಟು ಹೆಚ್ಚಿಸಬಹುದೆಂದು ವಾದಿಸಿದರು. ಸವಕಳಿ ವೇಗದ ಏಳನೇ ಘಾತದಂತೆ ಬೆಳೆಯುತ್ತದೆ ಎಂದಿಟ್ಟುಕೊಂಡರೆ, ವೇಗವನ್ನು ಶೇ. 10ರಷ್ಟು ತಗ್ಗಿಸಿದೊಡನೆ ಹಾನಿ ಅರ್ಧಕ್ಕಿಳಿಯುತ್ತದೆ ಎಂಬ ಲೆಕ್ಕವೇ ಈ ವಾದದ ಶಕ್ತಿಯನ್ನು ತಿಳಿಸುತ್ತದೆ.

ಧೂಳು, ಕೀಟ, ಬಿಸಿಲು

ಮಳೆ ಕಡಿಮೆಯಿರುವ ಸೀಮೆಗಳಲ್ಲಿ ಹಾನಿಯ ಬೇರೆ ಕರ್ತೃಗಳು ಮುನ್ನೆಲೆಗೆ ಬರುತ್ತವೆ. ಈಜಿಪ್ಟಿನ ಹುರ್ಗಾಡಾದ ಯಂತ್ರಗಳ ಮೇಲೆ ಖಲ್ಫಲ್ಲಾ ಮತ್ತು ಕೋಲಿಯುಬ್ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ, ರೆಕ್ಕೆಯ ಮೇಲೆ ಕೂರುವ ಧೂಳು ತಿಂಗಳುಗಳು ಉರುಳಿದಂತೆ ಉತ್ಪಾದನೆಯನ್ನು ಇಳಿಸುತ್ತ ಹೋಗುವುದನ್ನು ದಾಖಲಿಸಿತು. 2001ರಲ್ಲಿ ನೆದರ್ಲೆಂಡ್ಸಿನ ಕಾರ್ಟನ್ ಮತ್ತು ವೆಲ್ಡ್‌ಕಾಂಪ್, ಕ್ಯಾಲಿಫೋರ್ನಿಯಾದ ಯಂತ್ರಗಳ ಉತ್ಪಾದನೆ ಕಾರಣವಿಲ್ಲದೆ ಅರ್ಧಕ್ಕೆ ಕುಸಿಯುತ್ತಿದ್ದುದರ ಹಿಂದೆ ಕೀಟಗಳಿದ್ದುದನ್ನು ಕಂಡುಹಿಡಿದರು. ಕೀಟಗಳು ಹಾರುವುದು ಗಾಳಿ ಮೆಲ್ಲಗಿರುವಾಗ. ಆಗ ಅವು ಮುನ್ನಂಚಿಗೆ ಬಡಿದು ಅಂಟಿಕೊಂಡರೂ ಉತ್ಪಾದನೆಗೆ ಹೆಚ್ಚು ತೊಂದರೆಯಾಗುವುದಿಲ್ಲ, ಆದರೆ ಗಾಳಿ ಬಿರುಸಾದ ದಿನ ಅದೇ ಒರಟುತನ ನಷ್ಟಕ್ಕೆ ಕಾರಣವಾಗುತ್ತದೆ. ಹಾನಿ ಆಗುವ ಹೊತ್ತು ಒಂದು, ಅದು ಪ್ರಕಟವಾಗುವ ಹೊತ್ತು ಇನ್ನೊಂದು ಎಂಬ ಈ ಶೋಧವೇ ಕಾಲದ ಪ್ರಶ್ನೆಗೆ ಮೊದಲ ಬಾಗಿಲು.

ಚಿತ್ರದುರ್ಗ ಜಿಲ್ಲೆಯ ಕೆಂಪು ಮತ್ತು ಕಪ್ಪು ನೆಲಗಳು ಬೇಸಿಗೆಯಲ್ಲಿ ಬೆಳೆಯಿಲ್ಲದೆ ತೆರೆದುಕೊಂಡಿರುತ್ತವೆ. ಭೀಮಸಮುದ್ರದ ಸುತ್ತಣ ಕಬ್ಬಿಣದ ಅದಿರಿನ ಗಣಿಗಳು ಮತ್ತು ಅದಿರು ಸಾಗುವ ರಸ್ತೆಗಳೂ ಧೂಳಿನ ಮೂಲಗಳು. ಹಗುರ ಧೂಳು ಮುಂದಿನ ಮಳೆಗೆ ತೊಳೆದುಹೋಗುತ್ತದೆಯಾದರೂ, ಗಾಳಿ ಹೊತ್ತುತರುವ ಗಡಸು ಮರಳಿನ ಕಣ ಲೇಪವನ್ನು ಗೀರುತ್ತದೆ, ಮತ್ತು ಗೀರಿದ ಲೇಪ ಮಳೆಹನಿಗೆ ಬೇಗ ಸೋಲುತ್ತದೆ. ಬಿಸಿಲಿನ ಪಾತ್ರವೂ ಇಂಥದ್ದೇ. ಸೂರ್ಯನ ನೇರಳಾತೀತ ಕಿರಣಗಳು ರಾಳದ ಅಣುಸರಪಳಿಗಳನ್ನು ಕಡಿದು ಮೇಲ್ಪದರವನ್ನು ಪೆಡಸಾಗಿಸುತ್ತವೆ. ಮುಟ್ಟಿದರೆ ಕೈಗೆ ಸುಣ್ಣದಂತಹ ಪುಡಿ ಹತ್ತುವುದು ಇದರ ಗುರುತು. ಹಗಲು ಕಾದು ಇರುಳು ತಣಿಯುವ ಒಣಸೀಮೆಯಲ್ಲಿ ನಾರು, ರಾಳ, ಅಂಟು, ಲೋಹಗಳು ಒಂದೊಂದೂ ಒಂದೊಂದು ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಬೆಸುಗೆಗಳ ಮೇಲೆ ದಿನವೂ ಎಳೆತ ಬೀಳುತ್ತದೆ. ಸೂಕ್ಷ್ಮ ಬಿರುಕಿನ ಮೂಲಕ ಒಳಸೇರಿದ ತೇವ ರಾಳವನ್ನು ಮೆದುವಾಗಿಸಿ ನಾರಿನೊಂದಿಗಿನ ಅದರ ಹಿಡಿತವನ್ನು ಸಡಿಲಿಸುತ್ತದೆ.

ಸಿಡಿಲು

ಗುಡ್ಡದ ನೆತ್ತಿಯ ಮೇಲೆ ನೂರು ಮೀಟರಿಗೂ ಎತ್ತರಕ್ಕೆ ಚಾಚುವ ರೆಕ್ಕೆ ಸಿಡಿಲಿಗೆ ಸಹಜ ಗುರಿ. ಸಿಡಿಲಿನ ಪ್ರವಾಹ ರೆಕ್ಕೆಯೊಳಗಿನ ತೇವವನ್ನು ಕ್ಷಣಮಾತ್ರದಲ್ಲಿ ಆವಿಯಾಗಿಸಿದಾಗ ಆ ಆವಿಯ ಒತ್ತಡದಿಂದ ಕವಚದ ಎರಡು ಚಿಪ್ಪುಗಳು ಸೀಳಿ ಬೇರೆಯಾಗಬಹುದು. ಇದನ್ನು ತಡೆಯಲು ತುದಿಯ ಬಳಿ ಲೋಹದ ಬಿಲ್ಲೆಗಳನ್ನು ಕೂರಿಸಿ, ಅಲ್ಲಿಂದ ಬುಡದವರೆಗೆ ಒಳಗೆ ತಂತಿ ಎಳೆದು, ಗೋಪುರದ ಮೂಲಕ ಪ್ರವಾಹವನ್ನು ನೆಲಕ್ಕಿಳಿಸುವ ಪದ್ಧತಿ ಬಂತು. ಐಇಸಿ 61400-24 ಎಂಬ ದಾಖಲೆ 2002ರಲ್ಲಿ ತಾಂತ್ರಿಕ ವರದಿಯಾಗಿ, 2010ರಲ್ಲಿ ಪೂರ್ಣ ಮಾನದಂಡವಾಗಿ ಇದನ್ನು ವ್ಯವಸ್ಥೆಗೊಳಿಸಿತು. ಆದರೂ ಪ್ರತಿ ಹೊಡೆತಕ್ಕೂ ಬಿಲ್ಲೆ ಸ್ವಲ್ಪ ಕರಗುತ್ತದೆ, ಮತ್ತು ಬಂಡೆನೆಲ ವಿದ್ಯುತ್ತನ್ನು ಸುಲಭವಾಗಿ ಹೀರಿಕೊಳ್ಳದ ಕಾರಣ ಗುಡ್ಡಗಳಲ್ಲಿ ನೆಲಸಂಪರ್ಕವನ್ನು ಮತ್ತೆ ಮತ್ತೆ ಪರೀಕ್ಷಿಸಬೇಕಾಗುತ್ತದೆ.

ಕಾಲದ ಪ್ರಶ್ನೆ

ಮೇಲಿನ ಜ್ಞಾನದ ಬಹುಪಾಲು, ವರ್ಷವಿಡೀ ಮಳೆ ಮತ್ತು ಗಾಳಿ ಜೊತೆಯಾಗಿರುವ ಉತ್ತರ ಸಮುದ್ರದ ತೀರದಲ್ಲಿ ಬೆಳೆದದ್ದು. ವರ್ಷಕ್ಕೆ 500ರಿಂದ 650 ಮಿಲಿಮೀಟರ್ ಮಳೆಯ ಚಿತ್ರದುರ್ಗ ಸೀಮೆಯಲ್ಲಿ ಹಾನಿಯ ಕರ್ತೃಗಳು ಒಟ್ಟಿಗೆ ಬರದೆ ಸರದಿಯಂತೆ ಬರುತ್ತವೆ; ಆ ಸರದಿಯನ್ನು ಇಲ್ಲಿನ ರೈತರ ಮಳೆನಕ್ಷತ್ರಗಳ ಲೆಕ್ಕದಲ್ಲಿ ಸ್ಪಷ್ಟವಾಗಿ ಓದಬಹುದು.

ಫೆಬ್ರವರಿಯಿಂದ ಏಪ್ರಿಲ್ ಮಧ್ಯದವರೆಗೆ ಬಿಸಿಲು ಮತ್ತು ಧೂಳಿನ ಕಾಲ: ಲೇಪ ಪೆಡಸಾಗಿ ಗೀರುಬೀಳುತ್ತದೆ. ಅಶ್ವಿನಿ, ಭರಣಿ, ಕೃತ್ತಿಕೆಗಳಲ್ಲಿ, ಅಂದರೆ ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ, ಗುಡುಗು ಸಿಡಿಲಿನ ಅಡ್ಡಮಳೆಗಳು ಬೀಳುತ್ತವೆ. ಕೆಲವೊಮ್ಮೆ ಆಲಿಕಲ್ಲೂ ಬೀಳುವ ಈ ಮಳೆಗಳಲ್ಲಿ ದಪ್ಪ ಹನಿ, ಬಿರುಗಾಳಿಯ ಹಠಾತ್ ಬೀಸು ಮತ್ತು ಸಿಡಿಲು ಒಂದೇ ಗಂಟೆಯಲ್ಲಿ ಸೇರುವುದರಿಂದ, ಬೇಸಿಗೆಯಲ್ಲಿ ಆಗಲೇ ದುರ್ಬಲವಾದ ಲೇಪಕ್ಕೆ ವರ್ಷದ ಅತಿ ತೀಕ್ಷ್ಣ ಪರೀಕ್ಷೆ ಇದೇ ಎಂದು ತರ್ಕಿಸಬಹುದು. ಮೃಗಶಿರದಿಂದ ಆಶ್ಲೇಷದವರೆಗೆ, ಜೂನ್‌ನಿಂದ ಆಗಸ್ಟ್ ಮಧ್ಯದವರೆಗೆ, ಆಷಾಢದ ಗಾಳಿ ಬಿಡದೆ ಬೀಸುತ್ತದೆ. ಭಾರತದ ಪವನವಿದ್ಯುತ್ತಿನ ಬಹುಪಾಲು ಮುಂಗಾರಿನ ತಿಂಗಳುಗಳಲ್ಲೇ ಹುಟ್ಟುವುದರಿಂದ ಇದು ರೆಕ್ಕೆಯ ದುಡಿಮೆಯ ಹಂಗಾಮು, ದಣಿವಿನ ಹಂಗಾಮೂ ಹೌದು. ಈ ಅವಧಿಯ ಮಳೆ ಮಳೆನೆರಳಿನ ಈ ಸೀಮೆಯಲ್ಲಿ ಹೆಚ್ಚಾಗಿ ಜಡಿಮಳೆ. ಹನಿ ಸಣ್ಣದಾದ್ದರಿಂದ ಒಂದೊಂದರ ಪೆಟ್ಟು ಹಗುರ, ಆದರೆ ತುದಿ ಪೂರ್ಣವೇಗದಲ್ಲಿರುವಾಗಲೇ ಬೀಳುವುದರಿಂದ ಪೆಟ್ಟುಗಳ ಸಂಖ್ಯೆ ಅಪಾರ. ಉತ್ತರೆ, ಹಸ್ತ, ಚಿತ್ತೆಗಳಲ್ಲಿ, ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್‌ವರೆಗೆ, ಜಿಲ್ಲೆಯ ದೊಡ್ಡ ಮಳೆಗಳು ಬರುತ್ತವೆ. ಆಗ ಗಾಳಿ ಇಳಿದು ಚಕ್ರ ನಿಧಾನವಾಗಿರುವುದರಿಂದ ಮಳೆಯ ಪ್ರಮಾಣ ಹೆಚ್ಚಿದ್ದರೂ ಸವಕಳಿ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ಆದರೆ ಬಿರುಕಿನೊಳಗೆ ತೇವ ಇಳಿಯುವ ಕಾಲ ಅದು. ಒಟ್ಟು ಮಳೆಯನ್ನು ನೋಡಿ ಬರದ ಜಿಲ್ಲೆಯಲ್ಲಿ ರೆಕ್ಕೆ ಸುರಕ್ಷಿತವೆಂದು ಭಾವಿಸುವುದು ಈ ಕಾರಣದಿಂದ ತಪ್ಪಾಗುತ್ತದೆ. ಯಾವ ಮಳೆ ಯಾವ ಗಾಳಿಯೊಂದಿಗೆ, ಯಾವ ಬಿಸಿಲಿನ ಬೆನ್ನಿಗೆ ಬಂತು ಎಂಬುದೇ ರೆಕ್ಕೆಯ ಆಯುಷ್ಯವನ್ನು ನಿರ್ಧರಿಸುತ್ತದೆ.

ಹವಾಮಾನ ಬದಲಾವಣೆ ಈ ಸರದಿಯನ್ನೂ ಕದಲಿಸುತ್ತಿದೆ. ತಾಪಮಾನ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಹಿಡಿದಿಡಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುವುದರಿಂದ, ಮಳೆ ಬಂದಾಗ ಬಿರುಸಾಗಿ ಬರುವ ಸಾಧ್ಯತೆ ಬೆಳೆಯುತ್ತದೆ. ಸವಕಳಿಯ ಲೆಕ್ಕದಲ್ಲಿ ತೂಗುವುದು ಇಂತಹ ಬಿರುಸಿನ ಗಂಟೆಗಳೇ.

ಪರೀಕ್ಷೆ, ದುರಸ್ತಿ, ನೀತಿ

ರೆಕ್ಕೆಯ ಆರೈಕೆಯ ವಿಧಾನಗಳೂ ಇದೇ ಅವಧಿಯಲ್ಲಿ ಬದಲಾಗಿವೆ. ಮೊದಲು ನೆಲದಿಂದ ದುರ್ಬೀನಿನಲ್ಲಿ ನೋಡುತ್ತಿದ್ದ, ಹಗ್ಗ ಕಟ್ಟಿಕೊಂಡು ಇಳಿದು ಕೈಯಿಂದ ತಟ್ಟಿ ಸದ್ದು ಕೇಳುತ್ತಿದ್ದ ಪರೀಕ್ಷೆಯ ಜಾಗಕ್ಕೆ ಡ್ರೋನ್ ಛಾಯಾಚಿತ್ರಗಳು ಬಂದಿವೆ. ಸವೆದ ಅಂಚನ್ನು ಉಜ್ಜಿ, ಕುಳಿಗಳಿಗೆ ಭರ್ತಿ ತುಂಬಿ, ಹೊಸ ಲೇಪ ಬಳಿಯುವುದು ಅಥವಾ ಪಾಲಿಯುರಿಥೇನ್ ಪಟ್ಟಿ ಅಂಟಿಸುವುದು ರೂಢಿಯ ದುರಸ್ತಿ. ಈ ಪಟ್ಟಿ ಮೊದಲು ರೂಪುಗೊಂಡದ್ದು ವಿಯೆಟ್ನಾಂ ಯುದ್ಧಕಾಲದ ಹೆಲಿಕಾಪ್ಟರ್ ರೆಕ್ಕೆಗಳನ್ನು ಮರಳಿನಿಂದ ಕಾಪಾಡಲು. ಲೇಪ ಮತ್ತು ಅಂಟು ಸರಿಯಾಗಿ ಕಟ್ಟಿಕೊಳ್ಳಲು ಒಣಹವೆ, ಹದವಾದ ಉಷ್ಣತೆ ಮತ್ತು ಮೆಲುಗಾಳಿ ಬೇಕಾಗುವುದರಿಂದ, ಸ್ವಾತಿಮಳೆ ಹಿಂದೆ ಸರಿದ ಬಳಿಕ ನವೆಂಬರ್‌ನಿಂದ ಜನವರಿಯವರೆಗಿನ ಅವಧಿ ಈ ಸೀಮೆಯಲ್ಲಿ ದುರಸ್ತಿಗೆ ಅತ್ಯುತ್ತಮ. ಆಗ ಗಾಳಿ ಕಡಿಮೆಯಿದ್ದು ಯಂತ್ರ ನಿಲ್ಲಿಸುವುದರಿಂದಾಗುವ ನಷ್ಟವೂ ಕಡಿಮೆ, ಬರುವ ಬೇಸಿಗೆಗೆ ರೆಕ್ಕೆ ಗಟ್ಟಿ ಲೇಪದೊಂದಿಗೆ ಮುಖ ಕೊಡುತ್ತದೆ.

ಈ ವಿಷಯಕ್ಕೆ ಈಗ ತುರ್ತು ಬಂದಿರುವುದು ಹಳೆಯ ಯಂತ್ರಗಳ ವಯಸ್ಸಿನಿಂದ. ಈ ಶತಮಾನದ ಆರಂಭದಲ್ಲಿ ನಿಂತ ಯಂತ್ರಗಳು ತಮ್ಮ 20 ವರ್ಷದ ವಿನ್ಯಾಸಾವಧಿಯನ್ನು ಮುಟ್ಟಿವೆ ಅಥವಾ ದಾಟಿವೆ. ಕೇಂದ್ರ ಸರ್ಕಾರ 2016ರಲ್ಲಿ ಹಳೆಯ ಸಣ್ಣ ಯಂತ್ರಗಳ ಜಾಗದಲ್ಲಿ ಹೊಸದನ್ನು ನಿಲ್ಲಿಸುವ ನೀತಿಯನ್ನು ಪ್ರಕಟಿಸಿ, 2023ರ ಡಿಸೆಂಬರ್‌ನಲ್ಲಿ ಅದನ್ನು ಪರಿಷ್ಕರಿಸಿ, ಆಯುಷ್ಯ ವಿಸ್ತರಣೆಯನ್ನೂ ಸೇರಿಸಿತು. ಯಾವ ಯಂತ್ರವನ್ನು ಇಳಿಸಬೇಕು, ಯಾವುದನ್ನು ಇನ್ನಷ್ಟು ಕಾಲ ಓಡಿಸಬಹುದು ಎಂಬ ತೀರ್ಮಾನ ಬಹುಮಟ್ಟಿಗೆ ರೆಕ್ಕೆಯ ಸ್ಥಿತಿಯನ್ನು ಅವಲಂಬಿಸಿದೆ. ಗಾಜಿನ ನಾರು ಮತ್ತು ಗಟ್ಟಿಗೊಂಡ ರಾಳವನ್ನು ಮತ್ತೆ ಬೇರ್ಪಡಿಸುವುದು ಕಷ್ಟವಾದ್ದರಿಂದ, ಅಕಾಲದಲ್ಲಿ ಇಳಿಸಿದ ಪ್ರತಿ ರೆಕ್ಕೆಯೂ ನೆಲದ ಮೇಲೆ ತ್ಯಾಜ್ಯವಾಗಿ ಉಳಿಯುವ ಅಪಾಯವಿದೆ. ತಡವಾಗಿ ಇಳಿಸಿದ ರೆಕ್ಕೆ ಗುಡ್ಡದಡಿಯ ಹೊಲ ಮತ್ತು ಜನರಿಗೆ ಅಪಾಯ.

ಈ ತೀರ್ಮಾನಕ್ಕೆ ಬೇಕಾದ ದತ್ತಾಂಶದ ಅಡಿಪಾಯ ಕರ್ನಾಟಕದಲ್ಲಿ ಆಗಲೇ ಇದೆ. 1988ರಲ್ಲಿ ಬರ ನಿರ್ವಹಣೆಗಾಗಿ ಆರಂಭವಾದ ಘಟಕದಿಂದ ಬೆಳೆದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟು 15 ನಿಮಿಷಕ್ಕೊಮ್ಮೆ ಮಾಹಿತಿ ಪಡೆಯುತ್ತದೆ. ಸಿಡಿಲಿನ ಮುನ್ಸೂಚನೆಯನ್ನೂ ಮೊಬೈಲ್ ಮೂಲಕ ಜನರಿಗೆ ತಲುಪಿಸುತ್ತದೆ. ಚಳ್ಳಕೆರೆಯ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ, ಅದೇ ಸೀಮೆಯಲ್ಲಿ 2017ರಲ್ಲಿ ಉದ್ಘಾಟನೆಗೊಂಡ ಚಾಲಕರಹಿತ ವಿಮಾನಗಳ ಪರೀಕ್ಷಾ ಕ್ಷೇತ್ರವಿದೆ. ಗ್ರಾಮ ಪಂಚಾಯಿತಿಯ ಮಳೆಮಾಪಕದ ಅಳತೆಯನ್ನು ಗುಡ್ಡದ ಮೇಲಿನ ಯಂತ್ರದ ತಿರುಗುವೇಗದ ದಾಖಲೆಯೊಂದಿಗೆ, ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಮತ್ತು ಅನಂತರ ತೆಗೆದ ಮುನ್ನಂಚಿನ ಚಿತ್ರಗಳೊಂದಿಗೆ ಕೂಡಿಸಿ ಓದಿದರೆ, ಒಣಸೀಮೆಯ ರೆಕ್ಕೆ ಹೇಗೆ ಸವೆಯುತ್ತದೆ ಎಂಬುದರ ಸ್ವತಂತ್ರ ಶಾಸ್ತ್ರವನ್ನೇ ಇಲ್ಲಿ ಕಟ್ಟಬಹುದು. ಅದಕ್ಕಾಗಿ ಯಂತ್ರಗಳ ಒಡೆತನದ ಕಂಪನಿಗಳು ತಮ್ಮ ದಾಖಲೆಗಳನ್ನು ಸಂಶೋಧಕರಿಗೆ ತೆರೆಯಬೇಕು, ಮತ್ತು ಆಯುಷ್ಯ ವಿಸ್ತರಣೆಯ ಅನುಮತಿಗೆ ಆಯಾ ತಾಣದ ಹವಾಮಾನದ ದಾಖಲೆಯನ್ನು ಕಡ್ಡಾಯಗೊಳಿಸಬೇಕು. ಗಾಳಿಯ ವೇಗವನ್ನು ತಾಣದಲ್ಲಿ ಅಳೆಯದೆ ಯಾರೂ ಯಂತ್ರ ನಿಲ್ಲಿಸುವುದಿಲ್ಲ. ಹಾಗೆಯೇ ತಾಣದ ಮಳೆ, ಧೂಳು, ಬಿಸಿಲು, ಸಿಡಿಲುಗಳನ್ನು ಅಳೆಯದೆ ಯಾವ ರೆಕ್ಕೆಯ ಆಯುಷ್ಯವನ್ನೂ ನಿಶ್ಚಯಿಸಬಾರದು ಎಂಬುದು ಈ ಕ್ಷೇತ್ರದ ಎಂಟು ದಶಕಗಳ ಬೆಳವಣಿಗೆಯಿಂದ ಸಹಜವಾಗಿ ಹೊರಡುವ ನಿಯಮ.